ದೊಡ್ಡಪ್ಪನ ಹತ್ತು ಸಿನಿಮಾ, ಯಾವ ಪ್ರಿಂಟು?

ದೊಡ್ಡಪ್ಪ: ಮಕ್ಕಳು ರಜೆಯಲ್ಲಿ ನೋಡಲಿ ಅಂತ ನನ್ನ ಮೆಚ್ಚಿನ ಹತ್ತು ಹಳೇ ಸಿನಿಮಾ, ಕೊಂಡಿ ಸಮೇತ ಇಲ್ಲಿ ಹಾಕಿದ್ದೀನಿ. ಪಥೇರ್ ಪಾಂಚಾಲಿ (1955), ಮಾಯಾಬಜಾರ್ (1957), ಕಾಗಜ್ ಕೆ ಫೂಲ್ (1959), ಮೇಘೇ ಢಾಕಾ ತಾರಾ (1960), ಚಾರುಲತಾ (1964), ಸಂಸ್ಕಾರ (1970), ಕಸ್ತೂರಿ ನಿವಾಸ (1971), ಶೋಲೆ (1975), ಘಟಶ್ರಾದ್ಧ (1977), ಎಲಿಪ್ಪತ್ತಾಯಂ (1981). ತಕರಾರಿದ್ರೆ ಹೇಳಿ.

ಅತ್ತೆ: ಪಟ್ಟಿ ಚೆನ್ನಾಗಿದೆ, ಕೊಂಡಿಗಳದ್ದೇ ತಕರಾರು. ಕಸ್ತೂರಿ ನಿವಾಸದ ಕೊಂಡಿ ಒತ್ತಿದ್ರೆ ಬಣ್ಣದ್ದು ಬರುತ್ತೆ. ಅದು 2014ರಲ್ಲಿ ಕಂಪ್ಯೂಟರಿನಲ್ಲಿ ಬಣ್ಣ ಹಾಕಿದ್ದು. ದೊರೈ-ಭಗವಾನ್ ತೆಗೆದಿದ್ದು ಕಪ್ಪು-ಬಿಳುಪಿನಲ್ಲಿ. ಮಾಯಾಬಜಾರೂ ಹಾಗೇ, 2010ರ ಬಣ್ಣದ್ದು ಹಾಕಿದ್ದೀರಿ.

ಚಿಕ್ಕಪ್ಪ: ಇರಲಿ ಬಿಡಿ ಅತ್ತಿಗೆ. ಕಪ್ಪು-ಬಿಳುಪು ಅಂದ್ರೆ ಮಕ್ಕಳು ಹತ್ತೇ ನಿಮಿಷಕ್ಕೆ ಎದ್ದು ಹೋಗ್ತಾರೆ. ಮೊಘಲ್-ಎ-ಆಜಮ್‌ಗೂ 2004ರಲ್ಲಿ ಬಣ್ಣ ಹಾಕಿ ಥಿಯೇಟರಿಗೆ ಬಿಟ್ರಲ್ಲ. ಇಡೀ ಚಿತ್ರ ಬಣ್ಣದಲ್ಲಿರಬೇಕು ಅಂತ ನಿರ್ದೇಶಕ ಕೆ. ಆಸಿಫ್ ಅವರಿಗೇ ಆಸೆ ಇತ್ತು.

ಅತ್ತೆ: ಆಸೆ ಇತ್ತು, ಒಪ್ಪಿದೆ. ಆದ್ರೆ 1960ರಲ್ಲಿ ಪರದೆ ಮೇಲೆ ಬಂದಿದ್ದು ಏನು ನೋಡಿ. ಚಿತ್ರದ ಬಹುಪಾಲು ಕಪ್ಪು-ಬಿಳುಪು, ಶೀಶ್ ಮಹಲ್ ಹಾಡಿಗೆ ಬರ್ತಿದ್ದ ಹಾಗೆ ಟೆಕ್ನಿಕಲರ್. ಅನಾರ್ಕಲಿ ಹೆದರಿಕೆ ಬಿಟ್ಟು ದರ್ಬಾರಿನಲ್ಲಿ ನಿಲ್ಲೋ ಗಳಿಗೇಲೇ ಬಣ್ಣ ಬರುತ್ತೆ. ಮೊದಲಿಂದ ಕೊನೇವರೆಗೂ ಬಣ್ಣ ಬಳಿದ್ರೆ ಆ ತಿರುವೇ ಹೋಯ್ತು.

ಕಪ್ಪು-ಬಿಳುಪಿಗೆ ಅಂತ ತೆಗೆಯೋವಾಗ ಸೀರೆ, ಗೋಡೆ, ಮೇಕಪ್ ಎಲ್ಲಾ ಆರಿಸೋದು ಬೂದು ಛಾಯೆ ಲೆಕ್ಕ ಹಾಕಿ. ಮೇಲೆ ಬಣ್ಣ ಹಾಕಿದಾಗ ಮುಖಗಳಿಗೆಲ್ಲ ಒಂದೇ ಥರದ ಕಂದು ಬರುತ್ತೆ, ನೆರಳಿನ ಒಳಗಿನ ವಿವರ ಮುಚ್ಚಿಹೋಗುತ್ತೆ. ಮಾಯಾಬಜಾರ್‌ನ ದೋಣಿ ಹಾಡಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಬೆಳದಿಂಗಳು ಕಟ್ಟಿರೋದು ಬೂದಿನ ಮೆಟ್ಟಿಲುಗಳಲ್ಲೇ. ಅದಕ್ಕೆ ನೀಲಿ ಬಳಿದ್ರೆ ಉಳಿಯೋದು ನೀಲಿ, ಬೆಳದಿಂಗಳಲ್ಲ.

ಭಾವ: ಮಾಯಾಬಜಾರ್‌ನಲ್ಲಿ ಇನ್ನೊಂದು ಗೊಂದಲ ಇದೆ. ತೆಲುಗು, ತಮಿಳು ಎರಡೂ ತೆಗೆದಿದ್ದಾರೆ. ಸಾವಿತ್ರಿ, ರಂಗಾರಾವ್ ಎರಡರಲ್ಲೂ ಇದ್ದಾರೆ. ಅಭಿಮನ್ಯು ಮಾತ್ರ ತೆಲುಗಿನಲ್ಲಿ ನಾಗೇಶ್ವರರಾವ್, ತಮಿಳಿನಲ್ಲಿ ಜೆಮಿನಿ ಗಣೇಶನ್. ಮಕ್ಕಳಿಗೆ ಹೇಳೋವಾಗ ಯಾವ ಭಾಷೆದು ಅಂತ ಬರೀಬೇಕು.

ಅಕ್ಕ: ಬಣ್ಣಕ್ಕಿಂತ ದೊಡ್ಡ ನಷ್ಟ ಚೌಕಟ್ಟಿನದು. ಪಥೇರ್ ಪಾಂಚಾಲಿ ಚೌಕಟ್ಟು 1.37:1, ಅಂದ್ರೆ ಅಗಲ ಎತ್ತರದ 1.37 ಪಟ್ಟು, ಹೆಚ್ಚುಕಡಿಮೆ ಚೌಕ. ದೊಡ್ಡಪ್ಪ ಹಾಕಿರೋ ಕೊಂಡಿಯಲ್ಲಿ ಟಿವಿ ಪೂರ್ತಿ ತುಂಬುತ್ತೆ. ಟಿವಿ 1.78:1. ತುಂಬಬೇಕು ಅಂದ್ರೆ ಎರಡೇ ದಾರಿ. ಮೇಲೆ-ಕೆಳಗೆ ಕತ್ತರಿಸಬೇಕು, ಆಗ ಎತ್ತರದ 23 ಶೇಕಡ ಹೋಗುತ್ತೆ. ಇಲ್ಲ ಅಡ್ಡಕ್ಕೆ ಎಳೀಬೇಕು, ಆಗ ಎಲ್ಲರೂ 30 ಶೇಕಡ ದಪ್ಪ ಕಾಣ್ತಾರೆ.

ಪತ್ತೆ ಹಚ್ಚೋದು ಸುಲಭ. ಗಾಡಿ ಚಕ್ರ, ಬಳೆ, ಚಂದ್ರ ಮೊಟ್ಟೆ ಆಕಾರಕ್ಕೆ ಬಂದಿದ್ರೆ ಎಳೆದಿದ್ದಾರೆ. ಹೆಸರುಗಳು ಬರೋವಾಗ ಅಕ್ಷರ ಅಂಚಿಗೆ ತಾಗಿದ್ರೆ, ನೆತ್ತಿ ಕಾಣದಿದ್ರೆ ಕತ್ತರಿಸಿದ್ದಾರೆ. ಎಡಬಲಕ್ಕೆ ಕಪ್ಪು ಪಟ್ಟಿ ಬಂದ್ರೆ ಸರಿಯಾಗಿದೆ ಅಂತಲೇ ಅರ್ಥ. ರಿಮೋಟ್ ತಗೊಂಡು ಝೂಮ್ ಮಾಡಬೇಡಿ.

ಚಿಕ್ಕಪ್ಪ: ಕಾಗಜ್ ಕೆ ಫೂಲ್‌ಗೂ ಇದೇ ಲೆಕ್ಕನಾ?

ಅಕ್ಕ: ಅದು ಉಲ್ಟಾ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು, 2.35:1. ಇಲ್ಲಿ ಪಟ್ಟಿ ಬರಬೇಕಾದ್ದು ಮೇಲೆ-ಕೆಳಗೆ. ಟಿವಿ ತುಂಬಿಸಿದ್ರೆ ಅಗಲದ 24 ಶೇಕಡ ಹೋಗುತ್ತೆ. ಸ್ಕೋಪಿನಲ್ಲಿ ಜನರನ್ನ ಒಂದೊಂದು ತುದಿಗೆ ನಿಲ್ಲಿಸ್ತಾರೆ, ಹಾಗಾಗಿ ಕತ್ತರಿಸಿದ ಪ್ರಿಂಟಲ್ಲಿ ಗುರುದತ್ ಯಾರ ಜೊತೆ ಮಾತಾಡ್ತಿದ್ದಾರೆ ಅಂತಲೇ ಗೊತ್ತಾಗಲ್ಲ. ಛಾಯಾಗ್ರಾಹಕರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ, ಸ್ಟುಡಿಯೊ ಹೊರಗೊಂದು, ಒಳಗೊಂದು ಕನ್ನಡಿ ಇಟ್ಟು ನಿಜವಾದ ಬಿಸಿಲನ್ನೇ ಒಳಗೆ ತಂದು ಈ ಚಿತ್ರದ ಬೆಳಕಿನ ಕೋಲು ಮಾಡಿದ್ದು. ಆ ಕೋಲಿನ ಸುತ್ತಲಿನ ಕತ್ತಲೇ ಅರ್ಧ ಚಿತ್ರ. ಆ ಕತ್ತಲನ್ನ ಕತ್ತರಿಸಿ ಬಿಸಾಕಿದ್ರೆ ಹೇಗೆ?

ಭಾವ: ಸರಿ. ನನ್ನ ತಕರಾರು ಆಯ್ಕೆ ಬಗ್ಗೆ. ಪಥೇರ್ ಪಾಂಚಾಲಿ ಎಲ್ಲರ ಪಟ್ಟಿಯಲ್ಲೂ ಇರುತ್ತೆ. ಛಾಯಾಗ್ರಹಣ ಕಲಿಸೋದಾದ್ರೆ ಅದರ ಎರಡನೇ ಭಾಗ, ಅಪರಾಜಿತೊ (1956) ಇಡಬೇಕು. ಬನಾರಸ್ ಮನೆಯ ಅಂಗಳ ಸ್ಟುಡಿಯೊ ಸೆಟ್ಟು. ಅಂಥ ಮನೆಗೆ ಬೆಳಕು ಬೀಳೋದು ಮೇಲಿನ ಆಕಾಶದಿಂದ ಮಾತ್ರ, ನೆರಳಿಗೆ ಗೆರೆ ಇರಲ್ಲ. ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪಗಳನ್ನ ಅದರ ಕಡೆ ತಿರುಗಿಸಿ, ವಾಪಸ್ ಬಿದ್ದ ಬೆಳಕಲ್ಲಿ ಚಿತ್ರೀಕರಿಸಿದ್ರು. ಸೆಟ್ಟು ಅಂತ ಅನ್ನಿಸೋದೇ ಇಲ್ಲ.

ದೊಡ್ಡಪ್ಪ: ದುರ್ಗಾ, ಅಪು ರೈಲು ನೋಡೋದನ್ನ ಕಾಣದೆ ಮಕ್ಕಳು ನೇರ ಎರಡನೇ ಭಾಗಕ್ಕೆ ಹೋಗೋದು ನನಗೆ ಒಪ್ಪಿಗೆ ಇಲ್ಲ. ಬೇಕಾದ್ರೆ ಎರಡೂ ಇರಲಿ, ಚಾರುಲತಾ ಬಿಡೋಣ.

ಅತ್ತೆ: ಚಾರುಲತಾ ಬಿಡೋ ಮಾತೇ ಬೇಡ.

ಅಕ್ಕ: ಪಥೇರ್ ಪಾಂಚಾಲಿ, ಅಪರಾಜಿತೊ ಎರಡಕ್ಕೂ 2015ರ ಪುನರುಜ್ಜೀವಿತ ಪ್ರಿಂಟೇ ಹಾಕಿ. 1993ರಲ್ಲಿ ಲಂಡನ್ ಲ್ಯಾಬಿನ ಬೆಂಕೀಲಿ ಮೂಲ ನೆಗೆಟಿವ್ ಸುಟ್ಟಿತ್ತು. ಒಣಗಿ ಮುರುಟಿದ ಫಿಲ್ಮಿಗೆ ಮತ್ತೆ ತೇವ ಕೊಟ್ಟು, ಅಂಚಿನ ತೂತುಗಳನ್ನ ಕೈಯಲ್ಲೇ ಸರಿಮಾಡಿ ಸ್ಕ್ಯಾನ್ ಮಾಡಿದ್ದಾರೆ. ಪಥೇರ್ ಪಾಂಚಾಲಿಯ 40 ಶೇಕಡ, ಅಪರಾಜಿತೊದ 60 ಶೇಕಡಕ್ಕೂ ಹೆಚ್ಚು ಭಾಗ ಆ ಸುಟ್ಟ ನೆಗೆಟಿವಿಂದಲೇ ಬಂದಿದ್ದು. ಹಳೇ ಟಿವಿ ಪ್ರತಿಗಳಲ್ಲಿ ಭಾವ ಹೇಳಿದ ಆ ಮೆತ್ತನೆ ಬೆಳಕು ಬರೀ ಸುಣ್ಣದ ಥರ ಬೆಳ್ಳಗಿರುತ್ತೆ.

ಅವಧೀನೂ ನೋಡಿ. 125 ನಿಮಿಷದ ಚಿತ್ರ 120 ನಿಮಿಷಕ್ಕೆ ಮುಗಿದ್ರೆ ಕತ್ತರಿ ಬಿದ್ದಿರಲೇಬೇಕು ಅಂತಿಲ್ಲ. ಸೆಕೆಂಡಿಗೆ 24 ಫ್ರೇಮಿನದನ್ನ 25ರಲ್ಲಿ ಓಡಿಸಿರಬಹುದು. ಆಗ ರವಿಶಂಕರ್ ಸಿತಾರಿನ ಶ್ರುತಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆ ಮೇಲೇರುತ್ತೆ.

ಚಿಕ್ಕಮ್ಮ: ಎಲ್ಲಾ ಬಂಗಾಳದ್ದೇ ಆಯ್ತು. ಕನ್ನಡದ ಆಯ್ಕೆ ಬಗ್ಗೆ ಯಾರೂ ಕೇಳ್ತಿಲ್ಲ. ಸಂಸ್ಕಾರ, ಘಟಶ್ರಾದ್ಧ ಎರಡೂ ಅನಂತಮೂರ್ತಿ, ಎರಡೂ ಅಗ್ರಹಾರ. ಅಗ್ರಹಾರದ ಹೊರಗೆ ನಿಂತವನ ಕಥೆ ಎಲ್ಲಿ? ಚೋಮನ ದುಡಿ (1975) ಬೇಕೇ ಬೇಕು. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ಚೋಮನಾಗಿ ನಟಿಸಿದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ. ಸ್ವಂತ ತುಂಡು ಭೂಮಿ ಉಳೋ ಆಸೆ, ಕೈಯಲ್ಲಿ ದುಡಿ. ಇದನ್ನ ಬಿಟ್ಟು ಶೋಲೆ ಹೇಗೆ ಇಟ್ರಿ?

ದೊಡ್ಡಪ್ಪ: ಸಂಸ್ಕಾರದಲ್ಲಿ ಪ್ರಾಣೇಶಾಚಾರ್ಯರ ಧರ್ಮಸಂಕಟ, ಘಟಶ್ರಾದ್ಧದಲ್ಲಿ ಹುಡುಗ ನಾಣಿಯ ಕಣ್ಣು. ಒಂದೇ ಅಲ್ಲ. ಆದ್ರೆ ನಿನ್ನ ಮಾತಿಗೆ ತೂಕ ಇದೆ. ಘಟಶ್ರಾದ್ಧ ಬಿಡೋಕೆ ಮನಸ್ಸಿಲ್ಲ, ಅದರ 4ಕೆ ಪ್ರಿಂಟ್ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದು.

ಚಿಕ್ಕಪ್ಪ: ಶೋಲೆ ಮುಟ್ಟಬೇಡಿ. ರಾಮನಗರದ ಬಂಡೆ ಅದು, ಅದೂ ನಮ್ಮದೇ.

ಭಾವ: ಶೋಲೆ ಇಟ್ರೆ ಯಾವ ಶೋಲೆ ಅಂತ ಬರೀರಿ. 1975ರ ಬಿಡುಗಡೆಯಲ್ಲಿ ಪೊಲೀಸರು ಬಂದು ಠಾಕೂರನನ್ನ ತಡೀತಾರೆ, ಅದು ಸೆನ್ಸಾರ್‌ಗಾಗಿ ಬದಲಿಸಿದ ಕೊನೆ. ಮೂಲದಲ್ಲಿ ಠಾಕೂರನೇ ಗಬ್ಬರನನ್ನ ಕೊಲ್ಲೋದು. 2025ರಲ್ಲಿ ಇಟಲಿಯ ಬೊಲೊನ್ಯ ಚಿತ್ರೋತ್ಸವದಲ್ಲಿ ತೋರಿಸಿದ ಪ್ರಿಂಟಲ್ಲಿ ಆ ಕೊನೆ ಇದೆ. ತೆಗೆದಿದ್ದು 35 ಎಂಎಂನಲ್ಲಿ, ಹಿಗ್ಗಿಸಿದ್ದು 70 ಎಂಎಂಗೆ, ಹಾಗಾಗಿ ಚೌಕಟ್ಟು 2.2:1.

ಅತ್ತೆ: ಎಲಿಪ್ಪತ್ತಾಯಂಗೆ ಒಂದು ಮಾತು. ಅದು ನಿಜವಾಗಲೂ ಬಣ್ಣದಲ್ಲೇ ಯೋಚಿಸಿದ ಚಿತ್ರ. ಅದರ ಮೂವರು ಅಕ್ಕತಂಗಿಯರಲ್ಲಿ ಶ್ರೀದೇವಿಗೆ ಕೆಂಪು, ರಾಜಮ್ಮನಿಗೆ ನೀಲಿ, ಜಾನಮ್ಮನಿಗೆ ಹಸಿರು. ಟಿವಿ ವಿವಿಡ್ ಮೋಡಲ್ಲಿದ್ರೆ ಮೂರೂ ಕಿರುಚುತ್ತವೆ. ಸಿನಿಮಾ ಮೋಡಿಗೆ ಹಾಕಿ, ಶಾರ್ಪ್‌ನೆಸ್ ಇಳಿಸಿ, ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಅದು ಫ್ರೇಮುಗಳ ನಡುವೆ ಇಲ್ಲದ ಫ್ರೇಮು ಹುಟ್ಟಿಸಿ ಸಿನಿಮಾನ ಸೀರಿಯಲ್ ಥರ ಮಾಡುತ್ತೆ.

ದೊಡ್ಡಪ್ಪ: ಆಯ್ತು. ಬಣ್ಣ ಹಾಕಿದ ಎರಡೂ ಕೊಂಡಿ ತೆಗೆದಿದ್ದೀನಿ. ಪ್ರತಿ ಹೆಸರಿನ ಮುಂದೆ ಭಾಷೆ, ಚೌಕಟ್ಟು, ನಿಮಿಷ ಬರೆದು ನಾಳೆ ಮತ್ತೆ ಹಾಕ್ತೀನಿ. ಅಪರಾಜಿತೊ, ಚೋಮನ ದುಡಿ ಸೇರಿದ್ರೆ ಹನ್ನೆರಡಾಗುತ್ತೆ.

ಚಿಕ್ಕಮ್ಮ: ಹನ್ನೆರಡೇ ಇರಲಿ. ಚೋಮನ ದುಡಿ ಮೊದಲಿಗೆ ಹಾಕಿ.

ಚಿಕ್ಕಪ್ಪ: ಕಸ್ತೂರಿ ನಿವಾಸ ಕಪ್ಪು-ಬಿಳುಪಿನದೇ ಹಾಕಿ ನೋಡ್ತೀನಿ. ಮಕ್ಕಳು ಎದ್ದು ಹೋದ್ರೆ ಇಲ್ಲೇ ಹೇಳ್ತೀನಿ.