ವಿಂಡೋಸ್ 2019 ಸರ್ವರ್ ಡೊಮೈನ್ ಕಂಟ್ರೋಲರ್ ಆಗಲ್ಲ ಅಂತಿದೆ, ಏನು ಮಾಡೋದು?

ಪ್ರಶ್ನೆ (ಮಂಡ್ಯದಿಂದ): ನಮ್ಮದು ಸಣ್ಣ ಆಫೀಸ್, 40 ಕಂಪ್ಯೂಟರ್. ಡೊಮೈನ್ (ಒಟ್ಟಿಗೆ ನಿರ್ವಹಿಸುವ ಕಂಪ್ಯೂಟರ್‌ಗಳ ಜಾಲ) ವಿಂಡೋಸ್ ಸರ್ವರ್ 2003ರ ಕಾಲದ್ದು, ಅದರ ಲಾಗಿನ್ ನೋಡಿಕೊಳ್ಳುವ ಈಗಿನ ಕಂಟ್ರೋಲರ್‌ಗಳು 2008 ಆರ್2. ಹೊಸ 2019 ಸರ್ವರ್ ಸೇರಿಸಲು ಹೋದರೆ ಎಫ್‌ಆರ್‌ಎಸ್ (ಕಂಟ್ರೋಲರ್‌ಗಳ ನಡುವೆ ಫೈಲ್ ನಕಲಿಸುವ ಹಳೇ ವ್ಯವಸ್ಥೆ) ಬಳಕೆಯಲ್ಲಿದೆ ಅಂತ ಹೇಳಿ ಅರ್ಧಕ್ಕೇ ನಿಲ್ಲುತ್ತದೆ. ಎರಡು ರಾತ್ರಿ ಸುಮ್ನೆ ಹೋಯಿತು.

ಉತ್ತರ 1: ಹಳೇ ಡೊಮೈನ್‌ಗಳ ಮಾಮೂಲಿ ರೋಗ ಸರ್ ಇದು. ನಿಮ್ಮ ಸಿಸ್‌ವಾಲ್ (ಎಲ್ಲ ಕಂಟ್ರೋಲರ್‌ಗಳಲ್ಲೂ ಒಂದೇ ಥರ ಇರಬೇಕಾದ ಫೋಲ್ಡರ್) ಇನ್ನೂ ಎಫ್‌ಆರ್‌ಎಸ್ ಮೂಲಕವೇ ನಕಲಾಗುತ್ತಿದೆ, 2019ಕ್ಕೆ ಅದರ ಬದಲು ಬಂದ ಡಿಎಫ್‌ಎಸ್‌ಆರ್ ಬೇಕು. ಮೊದಲು ಡೊಮೈನ್ ಫಂಕ್ಷನಲ್ ಲೆವೆಲ್ (ಇಡೀ ಡೊಮೈನ್ ಯಾವ ಆವೃತ್ತಿಯ ಸೌಲಭ್ಯ ಬಳಸಬೇಕು ಅನ್ನುವ ಸೆಟ್ಟಿಂಗ್) 2008ಕ್ಕಾದರೂ ಏರಿಸಿ, ಆಮೇಲೆ ಈ ಬದಲಾವಣೆ ಮಾಡುವ ಡಿಎಫ್‌ಎಸ್‌ಆರ್‌ಮಿಗ್ ಕಮಾಂಡ್‌ನಲ್ಲಿ 1, 2, 3 ಅಂತ ಹಂತ ಹಂತವಾಗಿ ಹೋಗಿ, ಎಲ್ಲ ಕಂಟ್ರೋಲರ್‌ಗಳೂ ಒಂದು ಹಂತ ಮುಟ್ಟುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ. 2ರವರೆಗೆ ಹಿಂದೆ ಬರಬಹುದು. 3 ಆದ ಮೇಲೆ ಆಗಲ್ಲ.

ಉತ್ತರ 2 (ಮೈಸೂರು): ಮೊದಲು ಸಿಸ್ಟಮ್ ಸ್ಟೇಟ್ ಬ್ಯಾಕಪ್ (ಕಂಟ್ರೋಲರ್‌ನ ಮುಖ್ಯ ಸಿಸ್ಟಮ್ ಮಾಹಿತಿಯ ಪ್ರತಿ) ಮರೆಯಬೇಡಿ ಮಾರಾಯರೇ. ನಮ್ಮಲ್ಲಿ ಯಾವತ್ತೋ ಕೆಟ್ಟು ಮೂಲೆ ಸೇರಿದ್ದ ಸರ್ವರ್‌ನ ಹೆಸರು ಆಕ್ಟಿವ್ ಡೈರೆಕ್ಟರಿಯಲ್ಲಿ (ಡೊಮೈನ್‌ನ ದಾಖಲೆ ಪಟ್ಟಿ) ಉಳಿದಿತ್ತು, ಅದು ಉತ್ತರ ಕೊಡಲಿ ಅಂತ ಹಂತ 1ರಲ್ಲೇ ಮೂರು ದಿನ ಕಾಯುತ್ತಾ ಕೂತಿದ್ದೆವು! ಮೆಟಾಡೇಟಾ ಕ್ಲೀನಪ್ ಮಾಡಿ ಆ ಹಳೇ ದಾಖಲೆ ಅಳಿಸಿದ ಮೇಲೆ ಸರಿಹೋಯಿತು.

ಕೇಳಿದವರು: ಅಯ್ಯೋ, ನಮ್ಮಲ್ಲೂ ಅಂಥದ್ದೊಂದು ಇತ್ತು, ತೆಗೆದೆ. ಈಗ ಹಂತ 1 ಮುಗಿದಿದೆ. ಉಳಿದದ್ದು ಭಾನುವಾರ, ಆಫೀಸ್ ಖಾಲಿ ಇರುವಾಗ.