ಫೇಸ್ 1 ಕಾರ್-ಟಿ ಟ್ರಯಲ್‌ಗೆ ಅಕ್ಕನ ಮಗನನ್ನು ಸೇರಿಸಬಹುದಾ?

ತುಂಗಾತೀರ:
ನಮಸ್ಕಾರ. ಅಕ್ಕನ ಮಗನಿಗೆ 22 ವರ್ಷ, ಬಿ-ಸೆಲ್ ಎಎಲ್‌ಎಲ್, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಕೀಮೋ ಆಯಿತು, ಬೋನ್ ಮ್ಯಾರೋ ಕಸಿಯೂ ಆಯಿತು, ಈಗ ಮತ್ತೆ ಬಂದಿದೆ. ಹೊಸ ಕಾರ್-ಟಿ ಟ್ರಯಲ್ ಇದೆ, ಫೇಸ್ 1, ಯೋಚನೆ ಮಾಡಿ ಅಂದಿದ್ದಾರೆ ಡಾಕ್ಟರು. ಭಾವ ಮಾತ್ರ ನಮ್ಮ ಹುಡುಗನ ಮೇಲೆ ಪ್ರಯೋಗ ಬೇಡ ಅಂತ ಕೂತಿದ್ದಾರೆ. ಫೇಸ್ 1 ಅಂದರೆ ನಿಜಕ್ಕೂ ಏನು? ಏನೇನು ಕೇಳಬೇಕು?

ಕೋಶವಾಸಿ:
ನಿಮ್ಮ ಭಾವನವರ ಮಾತು ಸುಳ್ಳಲ್ಲ, ಅದು ಪ್ರಯೋಗವೇ. ಫೇಸ್ 1ರಲ್ಲಿ ಮುಖ್ಯವಾಗಿ ನೋಡುವುದು ಚಿಕಿತ್ಸೆಯನ್ನು ದೇಹ ತಡೆದುಕೊಳ್ಳುತ್ತಾ, ಎಷ್ಟು ಡೋಸ್ ಕೊಡಬಹುದು ಅಂತ. ಸಾಮಾನ್ಯವಾಗಿ ಕೆಲವೇ ರೋಗಿಗಳಿಗೆ ಕಡಿಮೆ ಡೋಸ್ ಕೊಟ್ಟು, ಕಾದು ನೋಡಿ, ಆಮೇಲೆ ಮುಂದಿನ ಗುಂಪಿಗೆ ಏರಿಸುತ್ತಾರೆ. ಇವನು ಯಾವ ಡೋಸ್ ಗುಂಪಿಗೆ ಬರುತ್ತಾನೆ, ಹಿಂದಿನವರಿಗೆ ಏನಾಯಿತು ಅಂತ ನೇರವಾಗಿ ಕೇಳಿ.

ಕಾರ್-ಟಿ ಅಂದರೆ, ಅವನದೇ ರಕ್ತದಿಂದ ಟಿ ಕೋಶ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ತೆಗೆದು, ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶವನ್ನು ಗುರುತಿಸುವ ಜೀನ್ ಸೇರಿಸಿ, ಬೆಳೆಸಿ ವಾಪಸ್ ಕೊಡುತ್ತಾರೆ. ಅದಕ್ಕೆ ವಾರಗಳು ಹಿಡಿಯುತ್ತವೆ, ಅಷ್ಟರಲ್ಲಿ ಕಾಯಿಲೆ ಜಾಸ್ತಿ ಆದರೆ ಏನು ಮಾಡುತ್ತಾರೆ ಅನ್ನುವುದೂ ಮುಖ್ಯ. ಕೊಟ್ಟ ಮೇಲೆ ವಿಪರೀತ ಜ್ವರ ಬರಬಹುದು, ಬಿಪಿ ಇಳಿಯಬಹುದು, ಕೆಲವರಿಗೆ ಗೊಂದಲ, ಫಿಟ್ಸ್ ಕೂಡ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಇಂಥದೇ ಆರಂಭದ ಟ್ರಯಲ್‌ನಲ್ಲಿದ್ದ ಎಮಿಲಿ ವೈಟ್‌ಹೆಡ್ ಅನ್ನುವ ಪುಟ್ಟ ಹುಡುಗಿ ಐಸಿಯುನಲ್ಲಿ ಸಾವಿನಂಚಿಗೆ ಹೋಗಿದ್ದಳು. ಟೊಸಿಲಿಝುಮ್ಯಾಬ್ ಅನ್ನುವ ಸಂಧಿವಾತದ ಔಷಧಿ ಉಳಿಸಿತು. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವಳಿಗೆ ಕ್ಯಾನ್ಸರ್ ಮರಳಲಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಬೊಮ್ಮಸಂದ್ರದಿಂದ:
ಮೊದಲು ಒಂದು ಕೇಳಿ: ಒಪ್ಪಿಗೆ ಸಿಕ್ಕ ಚಿಕಿತ್ಸೆ ಇರುವಾಗ ಟ್ರಯಲ್ ಯಾಕೆ? ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರ ನೆಕ್ಸ್‌ಕಾರ್19 ಅನ್ನುವ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲೇ ಒಪ್ಪಿಗೆ ಬಂದಿದೆ. ಆದರೆ ಖರ್ಚು ಹತ್ತಾರು ಲಕ್ಷ, ಅದಕ್ಕೇ ಎಷ್ಟೋ ಜನ ಟ್ರಯಲ್ ಕಡೆ ನೋಡುತ್ತಾರೆ. ನೆಕ್ಸ್‌ಕಾರ್19 ಕೂಡ ಕ್ಯಾನ್ಸರ್ ಕೋಶದ ಮೇಲಿರುವ ಸಿಡಿ19 ಅನ್ನುವ ಗುರುತನ್ನೇ ಹಿಡಿಯುತ್ತದೆ. ಮತ್ತೆ ಬಂದ ಕಾಯಿಲೆಯಲ್ಲಿ ಆ ಗುರುತು ಇಲ್ಲದಿದ್ದರೆ ಅದರಿಂದ ಉಪಯೋಗ ಇಲ್ಲ, ಆಗ ಬೇರೆ ಗುರುತಿನ ಟ್ರಯಲ್‌ಗೆ ಅರ್ಥ ಇದೆ. ರಿಪೋರ್ಟ್ ತೋರಿಸಿ ಅನ್ನಿ.

ಕೋಶವಾಸಿ:
ಹೌದು, ಇದು ಸರಿಯಾದ ಪ್ರಶ್ನೆ. ಟ್ರಯಲ್ ಸಿಟಿಆರ್‌ಐನಲ್ಲಿ (ಭಾರತದ ಟ್ರಯಲ್‌ಗಳ ಅಧಿಕೃತ ನೋಂದಣಿ ಪಟ್ಟಿ) ನೋಂದಣಿ ಆಗಿದೆಯಾ ಅಂತಲೂ ನೋಡಿ, ಅದು ಯಾರು ಬೇಕಾದರೂ ನೋಡಬಹುದಾದ ವೆಬ್‌ಸೈಟ್. 2019ರ ನಿಯಮದಂತೆ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಕೊಡಬೇಕು. ಯಾವಾಗ ಬೇಕಾದರೂ ಹೊರಗೆ ಬರಬಹುದು. ಆದರೆ ಒಳಗೆ ಹೋದ ಕೋಶವನ್ನು ವಾಪಸ್ ತೆಗೆಯಲು ಆಗುವುದಿಲ್ಲ, ಇದನ್ನು ಹುಡುಗನಿಗೂ ತಿಳಿಸಿ ಹೇಳಿ. ಸಹಿ ಹಾಕಬೇಕಾದವನು ಅವನೇ ಅಲ್ವಾ, ಅವನಿಗೆ 22.

ತುಂಗಾತೀರ:
ತುಂಬಾ ಥ್ಯಾಂಕ್ಸ್. ನಿಜ, ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಸಿಡಿ19 ರಿಪೋರ್ಟ್ ನಾಳೆ ಕೇಳುತ್ತೇನೆ, ಭಾವನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.