ಅಪ್‌ಡೇಟ್: ಮ್ಯಾಡನ್ 25 ತಗೊಂಡೆ

ಅಮೆರಿಕನ್ ಫುಟ್‌ಬಾಲ್ ವಿಡಿಯೊ ಗೇಮ್ ಮ್ಯಾಡನ್ 24 ಇದ್ದವರು ಮುಂದಿನ ವರ್ಷದ 25ಕ್ಕೆ ಮತ್ತೆ ದುಡ್ಡು ಸುರೀಬೇಕಾ ಅಂತ ಕೇಳಿದ್ದೆ. ಸೇಲ್ ಬರೋವರೆಗೂ ತಡ್ಕೊಳ್ಳಿ ಅಂದಿದ್ರಿ, ತಡ್ಕೊಂಡೆ. ಥ್ಯಾಂಕ್ಸ್.

ಟ್ಯಾಕಲ್, ಅಂದ್ರೆ ಚೆಂಡು ಹಿಡಿದೋನನ್ನ ಕೆಡವೋದು, ನಿಜಕ್ಕೂ ಸುಧಾರಿಸಿದೆ. ಜೋರಾಗಿ ಗುದ್ದೋಕೆ ಕಂಟ್ರೋಲರ್‌ನಲ್ಲಿರೋ ಹಿಟ್ ಸ್ಟಿಕ್ ಸುಮ್ಮನೆ ತಳ್ಳಿದ್ರೆ ಈಗ ಕೆಲಸ ಆಗಲ್ಲ. ಟೈಮಿಂಗ್, ವೇಗ, ಆಟಗಾರನ ತೂಕ, ಯಾವ ಕಡೆಯಿಂದ ಬಂದ ಅನ್ನೋದೆಲ್ಲ ಲೆಕ್ಕಕ್ಕೆ ಬರುತ್ತೆ. ಚೆಂಡು ಹಿಡಿದು ನುಗ್ಗೋ ದೈತ್ಯ ಡೆರಿಕ್ ಹೆನ್ರಿಯಂಥ ಆಸಾಮಿ ಎದುರಿಗೆ ಬಂದ್ರೆ, ತಡೆಯೋಕೆ ನಿಂತ ಸಣಕಲು ಕಾರ್ನರ್‌ಬ್ಯಾಕ್ (ಅಂಚಿನ ರಕ್ಷಣಾ ಆಟಗಾರ) ಪಾಡು ದೇವರಿಗೇ ಪ್ರೀತಿ!

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 2024ರಲ್ಲಿ ತಂದ ಹೊಸ ಕಿಕ್‌ಆಫ್ (ಚೆಂಡು ಒದ್ದು ಆಟ ಶುರು ಮಾಡೋದು) ಕೂಡ ಇದೆ. ಒದೆಯೋನು ತನ್ನ ತಂಡದ 35ನೇ ಯಾರ್ಡ್ ಗೆರೆಯಲ್ಲಿ, ಅವನ ಉಳಿದ ಹತ್ತು ಜನ ಎದುರಾಳಿ ತಂಡದ 40ನೇ ಗೆರೆಯಲ್ಲಿ. ಚೆಂಡು ನೆಲಕ್ಕೋ ಆಟಗಾರನಿಗೋ ತಾಗೋವರೆಗೂ ಆ ಹತ್ತು ಜನ ಕದಲೋ ಹಾಗಿಲ್ಲ. ಮೊದಲು ಸ್ಕಿಪ್ ಮಾಡ್ತಿದ್ದ ಭಾಗ, ಈಗ ಕಣ್ಣು ಮಿಟುಕಿಸದೆ ನೋಡ್ತೀನಿ. ಕಾಮೆಂಟರಿಗೂ ಮೂರು ಜೋಡಿ ಇರೋದ್ರಿಂದ ಕಿವಿಗೆ ಹಿತ.

ಇಡೀ ತಂಡವನ್ನ ಸೀಸನ್‌ಗಟ್ಟಲೆ ನಡೆಸೋ ಫ್ರಾಂಚೈಸ್ ಮೋಡ್‌ನ ಕಥೆಗಳು ಮಾತ್ರ ಎರಡನೇ ಸೀಸನ್ ಹೊತ್ತಿಗೇ ಹಳಸಿದವು. ಒಬ್ಬನೇ ಆಟಗಾರನಾಗಿ ಆಡೋ ಸೂಪರ್‌ಸ್ಟಾರ್ ಮೋಡ್ ಬಗ್ಗೆ ಹೇಳೋಕೆ ಏನೂ ಇಲ್ಲ. ಆಟಗಾರರ ಕಾರ್ಡ್ ಕೂಡಿಸಿ ತಂಡ ಕಟ್ಟೋ ಅಲ್ಟಿಮೇಟ್ ಟೀಮ್ ಯಥಾಪ್ರಕಾರ, ಒಳ್ಳೆ ಕಾರ್ಡ್ ಬೇಕಂದ್ರೆ ಒಂದೋ ರಾತ್ರಿಯೆಲ್ಲ ಆಡಿ, ಇಲ್ಲಾ ಜೇಬಿಗೆ ಕೈ ಹಾಕಿ. ನಾನಂತೂ ಆ ಕಡೆ ತಲೆ ಹಾಕಲ್ಲ.

ಪೂರ್ತಿ ಬೆಲೆಗೆ ಬೇಡ. ಅರ್ಧಕ್ಕೆ ಸಿಕ್ರೆ ಬಿಡಬೇಡಿ.